ಮತದಾರರ ಪಟ್ಟಿ: ಕೊಡಬೇಕಾದದ್ದೆಷ್ಟು, ಕೊಡಬೇಕಿಲ್ಲದ್ದೆಷ್ಟು



ಕಳೆದ ತಿಂಗಳು ಚಾಲಿ ತೂಕಕ್ಕೆ ಬಂದ ಸದಸ್ಯರೊಬ್ಬರು ಚೀಲ ಇಳಿಸಿ, “ಸೆಕ್ರೆಟರಿಯವರೇ, ಆಧಾರ್ ನಂಬರ್ ಕೊಡದಿದ್ದರೆ ಓಟಿನ ಪಟ್ಟಿಯಿಂದ ಹೆಸರು ತೆಗೀತಾರಂತೆ, ಹೌದಾ?” ಎಂದು ಕೇಳಿದರು. ಅವರ ಹಿಂದೆ ನಿಂತಿದ್ದ ಇನ್ನೊಬ್ಬರು, “ನನ್ನ ಹೆಸರು ಇಲ್ಲೊಂದು, ಸಿದ್ದಾಪುರದಲ್ಲೊಂದು ಇದೆ. ಏನೂ ಆಗೂದಿಲ್ಲ ಮಾರಾಯ್ರೆ” ಎಂದು ನಕ್ಕರು. ಹೆದರಬೇಕಿಲ್ಲದವರು ಹೆದರಿದ್ದರು, ಹೆದರಬೇಕಾದವರು ನಗುತ್ತಿದ್ದರು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯವೆನಿಸಿತು.

ಮೊದಲನೆಯದಾಗಿ, ನಮ್ಮ ದೇಶದಲ್ಲಿ ಮತದಾರನಾಗಿ ಹೆಸರು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ. ಆಸ್ಟ್ರೇಲಿಯದಲ್ಲಿ ಹೆಸರು ಬರೆಸುವುದೂ ಮತ ಹಾಕುವುದೂ ಕಡ್ಡಾಯ, ತಪ್ಪಿದರೆ ದಂಡ. ನಮ್ಮ ಸಂವಿಧಾನದ 326ನೆಯ ವಿಧಿ ಅದನ್ನು ಹಕ್ಕಾಗಿ ಕೊಟ್ಟಿದೆಯೇ ಹೊರತು ಹೊರೆಯಾಗಿ ಅಲ್ಲ. 1989ರವರೆಗೆ 21 ಇದ್ದ ವಯಸ್ಸು ಈಗ 18. ಆದರೆ ಅರ್ಜಿಗೆ ಸಹಿ ಹಾಕಿದ ಮೇಲೆ ಮಾತು ಬೇರೆ. ಅಲ್ಲಿ ಬರೆದುಕೊಟ್ಟದ್ದಕ್ಕೆ ನಾವೇ ಹೊಣೆ. ಸುಳ್ಳೆಂದು ತಿಳಿದೂ ಬರೆದುಕೊಟ್ಟರೆ 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ 31ನೆಯ ಕಲಮಿನಂತೆ ಒಂದು ವರ್ಷದವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ ಆಗಬಹುದು.

ಅದೇ ಕಾಯಿದೆಯ 17 ಮತ್ತು 18ನೆಯ ಕಲಮುಗಳಂತೆ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಾಗಲಿ, ಒಂದೇ ಕ್ಷೇತ್ರದಲ್ಲಿ ಎರಡು ಕಡೆಯಾಗಲಿ ಇರಕೂಡದು. ಹೆಸರು ಎಲ್ಲಿರಬೇಕು? ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ. ನಮ್ಮ ಬೆಳೆಗಾರರು ಎಡವುವುದು ಇಲ್ಲಿಯೇ. ತೋಟ ಹೆಬಳೆಯಲ್ಲಿ, ಹಿರಿಯರ ಮನೆ ಘಟ್ಟದ ಮೇಲೆ, ಎರಡೂ ಕಡೆ ಪಹಣಿ ತಮ್ಮ ಹೆಸರಿನಲ್ಲಿ. ಹಾಗಾದರೆ ಎರಡೂ ಕಡೆ ಓಟು ಎಂದು ಲೆಕ್ಕ. ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಯ ವಾಸಿ ಆಗುವುದಿಲ್ಲವೆಂದು 20ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಕೊಯಿಲಿನ ಕಾಲಕ್ಕೆ ಎರಡು ತಿಂಗಳು ಬೇರೆ ಕಡೆ ಇದ್ದರೆ, ಅಥವಾ ಔಷಧೋಪಚಾರಕ್ಕೆ ಮಣಿಪಾಲದಲ್ಲಿ ಉಳಿದರೆ, ಆ ತಾತ್ಕಾಲಿಕ ಗೈರುಹಾಜರಿಯಿಂದ ಇಲ್ಲಿಯ ಹಕ್ಕು ಹೋಗುವುದೂ ಇಲ್ಲ.

ಈ ತಪ್ಪು ನಾನೂ ಮಾಡಿದ್ದೆ. ಘಟ್ಟ ಇಳಿದು ಇಲ್ಲಿಗೆ ಬಂದು ನೆಲೆಸಿದಾಗ ಹೊಸಬನಂತೆ ಅರ್ಜಿ ಹಾಕಿದೆ. ಹಳೆಯ ಊರಿನ ಹೆಸರು ತೆಗೆಸಲಿಲ್ಲ. ಅಲ್ಲಿ ನಾನು ಮತ ಹಾಕಲು ಹೋದದ್ದಿಲ್ಲ ನಿಜ. ಆದರೆ ನನ್ನ ಹೆಸರಿನಲ್ಲಿ ಬೇರೆ ಯಾರಾದರೂ ಹೋಗಿದ್ದರೆ? ಅಣ್ಣನ ಮಗ ಪಟ್ಟಿ ನೋಡಿ ಹೇಳುವವರೆಗೂ ನನಗೆ ಅದು ಹೊಳೆದಿರಲಿಲ್ಲ. ಪದವೀಧರನೆಂದು ಹೆಸರಿನ ಮುಂದೆ ಬರೆದುಕೊಳ್ಳುವವನ ಸ್ಥಿತಿ ಇದು! ಸ್ಥಳ ಬದಲಾದವರು ನಮೂನೆ 6 ತುಂಬಬಾರದು, ಅದು ಹೊಸ ಮತದಾರರಿಗೆ. ಅವರು ತುಂಬಬೇಕಾದದ್ದು ನಮೂನೆ 8. ಕೊಲ್ಲಿ ದೇಶಗಳಲ್ಲಿ ದುಡಿಯುವ, ಭಾರತದ ಪೌರತ್ವ ಉಳಿಸಿಕೊಂಡ ಮಕ್ಕಳಿಗೆ 2010ರ ತಿದ್ದುಪಡಿಯಿಂದ ನಮೂನೆ 6ಎ ಇದೆ. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ಹೆಸರು ಬರುತ್ತದೆ, ಆದರೆ ಮೂಲ ಪಾಸ್‌ಪೋರ್ಟ್ ಹಿಡಿದು ಇಲ್ಲಿಗೇ ಬಂದು ಮತ ಹಾಕಬೇಕು.

ಇನ್ನು ಆಧಾರ್ ಪ್ರಶ್ನೆ. 2021ರ ತಿದ್ದುಪಡಿಯ ನಂತರ, 2022ರ ಆಗಸ್ಟ್ 1ರಿಂದ ನಮೂನೆ 6ಬಿ ಬಂತು. ಅದರಲ್ಲಿ ‘ಆಧಾರ್ ಕೊಡುತ್ತೇನೆ’, ಇಲ್ಲವೇ ‘ನನ್ನಲ್ಲಿ ಆಧಾರ್ ಇಲ್ಲ’ ಎಂಬ ಎರಡೇ ದಾರಿ ಇದ್ದುದರಿಂದ ಜನ ಕಡ್ಡಾಯವೆಂದೇ ತಿಳಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಧಾರ್ ಕಡ್ಡಾಯವಲ್ಲವೆಂದು ಚುನಾವಣಾ ಆಯೋಗವೇ 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೇಳಿತು. ತಕ್ಕ ಕಾರಣದಿಂದ ಆಧಾರ್ ಕೊಡಲಾಗದವರ ಅರ್ಜಿ ತಿರಸ್ಕರಿಸಬಾರದು, ಹೆಸರು ತೆಗೆಯಬಾರದು ಎಂಬ ಮಾತು ಕಾಯಿದೆಯಲ್ಲಿಯೂ ಇದೆ. ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಹೆದರಿ ಕೊಡಬೇಕಾಗಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಅರ್ಜಿಯಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಹಾಗೆಂದು ಪಟ್ಟಿಯೇ ಗುಟ್ಟಿನದೆಂದು ಭಾವಿಸಬೇಡಿ. ಮತದಾರರ ಪಟ್ಟಿ ಸಾರ್ವಜನಿಕ ದಾಖಲೆ. ನಮ್ಮ ಸಂಘದ ಚುನಾವಣೆಗೆ ಮುಂಚೆ ಸದಸ್ಯರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚುತ್ತೇವಲ್ಲ, ಸತ್ತವರ, ಇಲ್ಲದವರ ಹೆಸರು ಯಾರಾದರೂ ಕಂಡು ಹೇಳಲಿ ಎಂದು, ಇದೂ ಹಾಗೆಯೇ. ಅದರಲ್ಲಿ ನಿಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ, ಗುರುತಿನ ಚೀಟಿಯ ಸಂಖ್ಯೆ ಇರುತ್ತವೆ. ಮಾನ್ಯತೆ ಪಡೆದ ಪಕ್ಷಗಳಿಗೆ ಪ್ರತಿಯೂ ಹೋಗುತ್ತದೆ. ಮೊಬೈಲ್ ನಂಬರಾಗಲಿ ಆಧಾರ್ ಸಂಖ್ಯೆಯಾಗಲಿ ಅದರಲ್ಲಿ ಅಚ್ಚಾಗುವುದಿಲ್ಲ. ಮತಗಟ್ಟೆಯ ಪ್ರತಿಯಲ್ಲಿ ಫೋಟೋ ಇದ್ದರೂ ಅಂತರ್ಜಾಲದ ಪ್ರತಿಯಲ್ಲಿ ಇಲ್ಲ. ಯಾರಿಗೆ ಮತ ಹಾಕಿದಿರೆಂಬುದಂತೂ ಯಾವ ಪಟ್ಟಿಯಲ್ಲಿಯೂ ಇಲ್ಲ.

ಅಪಾಯ ಇರುವುದು ಪಟ್ಟಿಯಲ್ಲಿಲ್ಲದ್ದನ್ನು ಮನೆಬಾಗಿಲಿಗೆ ಬಂದು ಕೇಳುವವರಿಂದ. 2022ರ ನವೆಂಬರಿನಲ್ಲಿ ಬೆಂಗಳೂರಿನ ಪ್ರಕರಣ ಪತ್ರಿಕೆಗಳಲ್ಲಿ ಓದಿದ್ದೀರಿ. ಮತದಾರರಲ್ಲಿ ತಿಳುವಳಿಕೆ ಮೂಡಿಸಲೆಂದು ಅಲ್ಲಿನ ಮಹಾನಗರ ಪಾಲಿಕೆ ಚಿಲುಮೆ ಎಂಬ ಖಾಸಗಿ ಸಂಸ್ಥೆಗೆ ಅನುಮತಿ ಕೊಟ್ಟಿತ್ತು. ಅದರ ಕೆಲಸಗಾರರು ಮತಗಟ್ಟೆ ಅಧಿಕಾರಿಗಳೆಂದು ಹೇಳಿಕೊಂಡು ಮನೆಮನೆಗೆ ಹೋಗಿ ಜನರ ವಿವರ ಕಲೆಹಾಕಿದರೆಂಬ ಆರೋಪ ಹೊರಬಿತ್ತು. ಪೊಲೀಸ್ ಪ್ರಕರಣಗಳಾದವು. ಚುನಾವಣಾ ಆಯೋಗ ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಆದೇಶಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಗಳನ್ನು ಮತ್ತೆ ಪರಿಶೀಲಿಸಲು ಹೇಳಿತು.

ಕಲಬುರಗಿ ಜಿಲ್ಲೆಯ ಆಳಂದದ್ದು ಇನ್ನೊಂದು ಬಗೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಯಿರೆಂದು ಆನ್‌ಲೈನಿನಲ್ಲಿ 6,018 ಅರ್ಜಿಗಳು ನಮೂನೆ 7ರಲ್ಲಿ ಬಂದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ. ಅಧಿಕಾರಿಗಳು ಮನೆಗೆ ಹೋಗಿ ವಿಚಾರಿಸಿದ್ದರಿಂದ ಉಳಿದವರ ಓಟು ಉಳಿಯಿತು. ಒಬ್ಬರು ಊರಿನಲ್ಲಿಲ್ಲವೆಂಬ ಕಾರಣಕ್ಕೆ ಹೆಸರು ತೆಗೆಯುವ ಮುಂಚೆ ಅವರ ಮಾತು ಕೇಳಲೇಬೇಕೆಂದು 22ನೆಯ ಕಲಮು ವಿಧಿಸುತ್ತದೆ. ನೋಟೀಸು ಬಂದರೆ ಅಡಿಗೆಮನೆಯ ಗೂಡಿನಲ್ಲಿಟ್ಟು ಮರೆಯಬೇಡಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಜಿಲ್ಲಾಧಿಕಾರಿಗಳಲ್ಲಿ ಮೇಲ್ಮನವಿ ಹಾಕಲು ಇರುವುದು 15 ದಿನ ಮಾತ್ರ.

ಮತಗಟ್ಟೆ ಅಧಿಕಾರಿ, ಅಂದರೆ ಎಲ್ಲರೂ ಬಿಎಲ್ಓ ಎನ್ನುವವರು, ಹೆಚ್ಚಾಗಿ ನಮ್ಮ ಪರಿಚಯದ ಅಂಗನವಾಡಿ ಅಕ್ಕೋರೋ ಶಾಲೆಯ ಮಾಸ್ತರರೋ ಆಗಿರುತ್ತಾರೆ. ಗುರುತಿಲ್ಲದವರು ಬಂದರೆ ಗುರುತಿನ ಚೀಟಿ ಕೇಳಿ. ಯಾವ ಜಾತಿ, ಯಾವ ಪಕ್ಷ, ಬ್ಯಾಂಕಿನ ಖಾತೆ ಎಲ್ಲಿ ಎಂದು ಯಾವ ನಮೂನೆಯೂ ಕೇಳುವುದಿಲ್ಲ. ಮೊಬೈಲಿಗೆ ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಹರಿದುಕೊಳ್ಳಿ. ಸಂಶಯವಿದ್ದರೆ 1950ಕ್ಕೆ ಫೋನ್ ಮಾಡಿ, ಇಲ್ಲವೇ ಭಟ್ಕಳ ಪೇಟೆಗೆ ಹೋದಾಗ ತಹಶೀಲ್ದಾರ ಕಚೇರಿಯಲ್ಲಿ ವಿಚಾರಿಸಿ.

ನಮೂನೆ 8 ತುಂಬಲು ತೊಡಕಾದವರು ಶನಿವಾರ ಮಧ್ಯಾಹ್ನದೊಳಗೆ ಸಂಘದ ಕಚೇರಿಗೆ ಬಂದರೆ ನಾನು ಬರೆದುಕೊಡುತ್ತೇನೆ. ಸಾಲದ ಕಡತದಲ್ಲಿ ನಿಮ್ಮ ಆಧಾರ್ ಪ್ರತಿ ಇದೆಯಲ್ಲ, ಅದನ್ನೇ ಲಗತ್ತಿಸಿ ಎಂದು ಕೆಲವರು ಹೇಳುತ್ತಾರೆ. ಅದು ಸಾಲಕ್ಕೆಂದು ಕೊಟ್ಟದ್ದು, ಇದಕ್ಕೆ ಹೊರತೆಗೆಯುವುದಿಲ್ಲ. ಬೇಕಾದ ಕಾಗದ ನೀವೇ ತನ್ನಿ, ಕೆಲಸ ಮುಗಿದ ಮೇಲೆ ನೀವೇ ಒಯ್ಯಿರಿ.

— ಕಾರ್ಯದರ್ಶಿ