ಎಷ್ಟು ಪಟ್ ಹೊಡೆದ್ರಿ ಅನ್ನೋದಲ್ಲ, ಎಲ್ಲಿಂದ ಹೊಡೆದ್ರಿ ಅನ್ನೋದು ಮುಖ್ಯ: ಗಾಲ್ಫ್ ಅಂಕಿಅಂಶ ಓದೋದು ಹೇಗೆ?

2021ರ ಆಗಸ್ಟ್ 7ರ ಬೆಳಗ್ಗೆ, ಗಾಲ್ಫ್ ಅಂದ್ರೆ ಏನಂತಲೇ ಗೊತ್ತಿಲ್ಲದ ಎಷ್ಟೋ ಜನ ಟಿವಿ ಮುಂದೆ ಕೂತಿದ್ರು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕಕ್ಕೆ ಒಂದು ಹೆಜ್ಜೆ ದೂರದಲ್ಲಿದ್ದರು. ಕೊನೆಯ ಹೋಲ್‌ನಲ್ಲಿ ಅವರ ಬರ್ಡಿ ಪಟ್ ತಪ್ಪಿತು. ನಾಲ್ಕು ದಿನಕ್ಕೆ ಒಟ್ಟು 269 ಹೊಡೆತ, ನಾಲ್ಕನೇ ಸ್ಥಾನ. ಕಂಚು ಗೆದ್ದ ನ್ಯೂಜಿಲೆಂಡಿನ ಲಿಡಿಯಾ ಕೋ ಅವರದ್ದು 268.

"ಛೇ, ಆ ಪಟ್ ಬಿದ್ದಿದ್ರೆ" ಅಂತ ಎಲ್ಲರೂ ಪರಿತಪಿಸಿದೆವು. ಆದರೆ ಲೆಕ್ಕದಲ್ಲಿ ಆ ಕೊನೆಯ ಪಟ್‌ಗೂ ಮೊದಲ ದಿನದ ಮೊದಲ ಹೊಡೆತಕ್ಕೂ ಬೆಲೆ ಒಂದೇ. ಅಷ್ಟೇ ಅಲ್ಲ, ಪಟಿಂಗ್ ಅದಿತಿಯವರ ದೊಡ್ಡ ಶಕ್ತಿ. ಹಿಂದೆ ಬಿದ್ದಿದ್ದು ಡ್ರೈವ್‌ನ ದೂರದಲ್ಲಿ. ಆ ವರ್ಷ ಕೋವಿಡ್ ಬಂದು ಹೋದ ಮೇಲೆ ದೂರ ಇನ್ನೂ ಕಡಿಮೆಯಾಗಿತ್ತು ಅಂತ ಅವರೇ ಹೇಳಿದ್ದರು. ಅಂದ್ರೆ, ನಮ್ಮ ಕಣ್ಣಿಗೆ ಬಿದ್ದ ತಪ್ಪೇ ಬೇರೆ, ಹೊಡೆತ ಸೋರಿಹೋದ ಜಾಗವೇ ಬೇರೆ ಇರಬಹುದು. ಗಾಲ್ಫ್ ಆಡುವ ಪ್ರತಿಯೊಬ್ಬರಿಗೂ ಇದೇ ಸಮಸ್ಯೆ.

ಹಳೇ ಲೆಕ್ಕದ ತೊಂದರೆ

ಬಹುತೇಕರು ಬರೆದಿಡೋದು ಮೂರು ಸಂಖ್ಯೆ: ಎಷ್ಟು ಸಲ ಚೆಂಡು ಫೇರ್‌ವೇಯಲ್ಲಿ ಬಿತ್ತು, ಎಷ್ಟು ಗ್ರೀನ್‌ಗಳನ್ನು ಸರಿಯಾದ ಹೊಡೆತಗಳಲ್ಲಿ ಮುಟ್ಟಿದೆವು, ಒಟ್ಟು ಎಷ್ಟು ಪಟ್ ಆಯ್ತು. ಇದರಲ್ಲಿ ಪಟ್ ಲೆಕ್ಕ ದೊಡ್ಡ ಮೋಸ. ಪ್ರತಿ ಹೋಲ್‌ನಲ್ಲೂ ಗ್ರೀನ್ ತಪ್ಪಿಸಿಕೊಂಡು, ಆಮೇಲೆ ಹತ್ತಿರದಿಂದ ಚಿಪ್ ಮಾಡಿ ಚೆಂಡನ್ನು ಗುಳಿಯ ಪಕ್ಕ ತಂದಿಟ್ಟವರಿಗೆ ಒಂದೇ ಪಟ್ ಸಾಕು. ದೂರದಿಂದ ನೇರವಾಗಿ ಗ್ರೀನ್ ಮುಟ್ಟಿದವರಿಗೆ ಎರಡು ಬೇಕಾಗುತ್ತೆ. ಪಟ್ಟಿ ನೋಡಿದ್ರೆ ಮೊದಲನೆಯವರೇ ಒಳ್ಳೇ ಪಟರ್! ತಲಾ ಆದಾಯದ ಸರಾಸರಿ ತೋರಿಸಿ ಬಡತನವೇ ಇಲ್ಲ ಅನ್ನುವವರನ್ನು ನೋಡಿದ್ದೀವಲ್ಲ, ಇದೂ ಅದೇ ಥರ.

ಬ್ರಾಡಿ ಮಾಡಿದ್ದೇನು?

ಕೊಲಂಬಿಯಾ ಬಿಸಿನೆಸ್ ಸ್ಕೂಲ್‌ನ ಪ್ರೊಫೆಸರ್ ಮಾರ್ಕ್ ಬ್ರಾಡಿ ಇದನ್ನು ತಿರುಗಿಸಿ ಕೇಳಿದರು: ಈ ಜಾಗದಿಂದ ಚೆಂಡು ಗುಳಿಗೆ ಸೇರಲು ಸರಾಸರಿ ಎಷ್ಟು ಹೊಡೆತ ಬೇಕು? ನಿಮ್ಮ ಹೊಡೆತ ಅದಕ್ಕಿಂತ ಉತ್ತಮವೋ, ಕಳಪೆಯೋ? ಇದಕ್ಕೆ 'ಸ್ಟ್ರೋಕ್ಸ್ ಗೇನ್ಡ್' ಅಂತ ಹೆಸರು. ಪಿಜಿಎ ಟೂರ್ 2011ರಲ್ಲಿ ಮೊದಲು ಪಟಿಂಗ್‌ಗೆ ಇದನ್ನು ಅಳವಡಿಸಿಕೊಂಡಿತು.

ಲೆಕ್ಕ ಸುಲಭ. ಪಿಜಿಎ ಟೂರ್ ಆಟಗಾರರಿಗೆ 33 ಅಡಿಯಿಂದ ಸರಾಸರಿ 2 ಪಟ್ ಬೇಕು, 8 ಅಡಿಯಿಂದ 1.5. ನೀವು 33 ಅಡಿಯಿಂದ ಎರಡು ಪಟ್‌ನಲ್ಲಿ ಮುಗಿಸಿದ್ರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 8 ಅಡಿಯಿಂದ ಎರಡು ತಗೊಂಡ್ರೆ ಅರ್ಧ ಹೊಡೆತ ನಷ್ಟ. ಹಳೇ ಲೆಕ್ಕದಲ್ಲಿ ಎರಡೂ ಒಂದೇ.

ದೂರದ ಹೊಡೆತಕ್ಕೂ ಇದೇ ಸೂತ್ರ. ಫೇರ್‌ವೇಯಲ್ಲಿ 160 ಯಾರ್ಡ್ ದೂರದಿಂದ ಅವರ ಸರಾಸರಿ ಸುಮಾರು 3. ಅಲ್ಲಿಂದ ಹೊಡೆದು 8 ಅಡಿಗೆ ತಂದ್ರೆ: 3ರಿಂದ 1.5 ಕಳೆದು, ಆ ಒಂದು ಹೊಡೆತವನ್ನೂ ಕಳೆದರೆ ಅರ್ಧ ಹೊಡೆತ ಲಾಭ. ಬದಲಿಗೆ ಗುಳಿಯಿಂದ 20 ಯಾರ್ಡ್ ದೂರದ ಬಂಕರ್‌ಗೆ ಬಿದ್ದರೆ, ಅಲ್ಲಿಂದ ಸುಮಾರು 2.5 ಬೇಕು, ಅಂದ್ರೆ ಅರ್ಧ ಹೊಡೆತ ನಷ್ಟ.

"ಡ್ರೈವ್ ತೋರಿಕೆಗೆ, ದುಡ್ಡು ಬರೋದು ಪಟ್‌ನಿಂದ" ಅನ್ನೋ ಗಾಲ್ಫ್‌ನ ಹಳೇ ಮಾತನ್ನು ಈ ಲೆಕ್ಕ ಬುಡಮೇಲು ಮಾಡಿತು. ಅಗ್ರ ಆಟಗಾರರು ಉಳಿದವರಿಗಿಂತ ಮುಂದಿರುವುದರಲ್ಲಿ ಪಟಿಂಗ್ ಪಾಲು ಸುಮಾರು 15%. ಗ್ರೀನ್ ಕಡೆಗಿನ ಅಪ್ರೋಚ್ ಹೊಡೆತಗಳದ್ದು ಸುಮಾರು 40%. ಹವ್ಯಾಸಿಗಳಲ್ಲೂ ಚೆನ್ನಾಗಿ ಆಡುವವರಿಗೂ ಸಾಧಾರಣ ಆಡುವವರಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ 100 ಯಾರ್ಡ್ ಆಚೆಯ ಹೊಡೆತಗಳಿಂದಲೇ ಬರುತ್ತೆ. ಸಂಜೆಯೆಲ್ಲಾ ಪಟಿಂಗ್ ಅಭ್ಯಾಸ ಮಾಡುವವರು ಒಮ್ಮೆ ಯೋಚಿಸಬೇಕಾದ ವಿಷಯ.

ನೀವು ಮಾಡಬೇಕಾದ್ದು

ದುಬಾರಿ ಸೆನ್ಸರ್ ಬೇಕಿಲ್ಲ, ಜೇಬಲ್ಲಿ ಹಿಡಿಸುವ ನೋಟ್‌ಬುಕ್ ಸಾಕು. ಪ್ರತಿ ಹೊಡೆತಕ್ಕೂ ಎರಡು ಮಾತು ಬರೆಯಿರಿ: ಗುಳಿಗೆ ಎಷ್ಟು ದೂರ ಇತ್ತು, ಚೆಂಡು ಯಾವುದರ ಮೇಲಿತ್ತು (ಟೀ, ಫೇರ್‌ವೇ, ರಫ್, ಬಂಕರ್, ಗ್ರೀನ್). ಗುರಿ ತಪ್ಪಿದ್ರೆ ಎಡಕ್ಕೋ, ಬಲಕ್ಕೋ, ಮುಂಚೆಯೇ ಬಿತ್ತೋ, ದಾಟಿ ಹೋಯ್ತೋ ಅಂತಲೂ ಸೇರಿಸಿ. ಮನೆಗೆ ಬಂದು ಟೀ ಹೊಡೆತ, ಅಪ್ರೋಚ್, ಗ್ರೀನ್ ಸುತ್ತಮುತ್ತ, ಪಟಿಂಗ್ ಎಂದು ನಾಲ್ಕು ಗುಂಪು ಮಾಡಿ.

ಎರಡು ಎಚ್ಚರಿಕೆ. ಒಂದು ದಿನದ ಆಟ ನೋಡಿ ತೀರ್ಮಾನಕ್ಕೆ ಬರಬೇಡಿ, ಎಂಟು-ಹತ್ತು ರೌಂಡ್ ಆಗಲಿ. ವೃತ್ತಿಪರರ ಸರಾಸರಿ ಜೊತೆ ಹೋಲಿಸಿದ್ರೆ ನಿಮ್ಮದೆಲ್ಲಾ ನಷ್ಟವೇ ಕಾಣುತ್ತೆ, ಹಾಗಾಗಿ ನಿಮ್ಮ ಮಟ್ಟದವರ ಜೊತೆ, ಇಲ್ಲವೇ ನಿಮ್ಮದೇ ಹಿಂದಿನ ತಿಂಗಳ ಜೊತೆ ಹೋಲಿಸಿ. ಅಪ್ರೋಚ್ ಹೊಡೆತಗಳು ಮತ್ತೆ ಮತ್ತೆ ಗ್ರೀನ್‌ಗೆ ಮುಂಚೆಯೇ ಬೀಳ್ತಿವೆ ಅಂತ ಗೊತ್ತಾದ್ರೆ, ಸ್ವಿಂಗ್ ಬದಲಿಸುವ ಮೊದಲು ಒಂದು ಕ್ಲಬ್ ದೊಡ್ಡದು ತಗೊಂಡು ನೋಡಿ. ಯಾಕೆ ತಪ್ಪುತ್ತಿದೆ ಅಂತ ಸಂಖ್ಯೆ ಹೇಳಲ್ಲ. ಎಲ್ಲಿ ಹುಡುಕಬೇಕು ಅಂತ ಮಾತ್ರ ಹೇಳುತ್ತೆ.

ಯಾರ ಹೊಡೆತ ಎಣಿಸಲಾಗುತ್ತೆ?

ಗಾಲ್ಫ್ ಉಳ್ಳವರ ಆಟ ಅನ್ನೋ ಟೀಕೆ ಸುಳ್ಳೇನಲ್ಲ. ಆದರೆ ಈ ಆಟದ ಒಳಗೂ ಇನ್ನೊಂದು ಅಸಮಾನತೆ ಇದೆ. ಪುರುಷರ ಪಿಜಿಎ ಟೂರ್‌ನಲ್ಲಿ 'ಷಾಟ್‌ಲಿಂಕ್' ವ್ಯವಸ್ಥೆ 2000ದ ದಶಕದ ಆರಂಭದಿಂದಲೇ ಲೇಸರ್ ಹಿಡಿದು ಹೊಡೆತಗಳನ್ನು ಅಳೆಯುತ್ತಿತ್ತು. ಬ್ರಾಡಿ ಲೆಕ್ಕಕ್ಕೆ ಆಧಾರ ಅದೇ. ಮಹಿಳೆಯರ ಎಲ್‌ಪಿಜಿಎ ಟೂರ್‌ಗೆ 'ಸ್ಟ್ರೋಕ್ಸ್ ಗೇನ್ಡ್' ಲೆಕ್ಕ ಕೊಡುವ ವ್ಯವಸ್ಥೆ ಬಂದಿದ್ದು 2021ರಲ್ಲಿ, ಟೋಕಿಯೊ ನಡೆದ ವರ್ಷ. ಪುರುಷರಿಗೆ ಟೂರ್ ಕಡೆಯಿಂದಲೇ ಸಿಗುತ್ತಿದ್ದ ಮಾಹಿತಿ ಅದಿತಿಯಂಥ ಆಟಗಾರ್ತಿಯರಿಗೆ ಅಲ್ಲಿಯವರೆಗೆ ಸಿಗಲೇ ಇಲ್ಲ. ಒಂದು ಹೊಡೆತಕ್ಕೆ ಪದಕ ಕೈತಪ್ಪುವ ಆಟದಲ್ಲಿ, ಆ ಹೊಡೆತ ಎಲ್ಲಿ ಹೋಯ್ತು ಅಂತ ತಿಳಿಯುವ ಅವಕಾಶವೂ ಎಲ್ಲರಿಗೂ ಸಮನಾಗಿರಬೇಕು.