ಮನಸ್ಸಿನ ಬಳಲಿಕೆಗೆ ಧ್ಯಾನ: ಹೊಸಬರಿಗೆ ಕೆಲವು ಸೂಚನೆಗಳು

ದಣಿದ ಎತ್ತಿನ ನೊಗವನ್ನಿಳಿಸಿ ನೆರಳಿನಲ್ಲಿ ಕಟ್ಟಬೇಕೆಂಬುದನ್ನು ನಮ್ಮ ಬೇಸಾಯಗಾರರು ಚೆನ್ನಾಗಿ ಬಲ್ಲರು. ಮಳೆ ತಪ್ಪಿದಾಗಲೂ ಸಾಲದ ಕಂತು ಸಮೀಪಿಸಿದಾಗಲೂ ಬಳಲುವ ತಮ್ಮ ಮನಸ್ಸಿಗೆ ಮಾತ್ರ ಅಂಥ ವಿಶ್ರಾಂತಿಯನ್ನು ಕೊಡುವವರು ವಿರಳ. ದೇಹವು ಹಾಸಿಗೆಯ ಮೇಲಿದ್ದರೂ ಮನಸ್ಸು ಇರುಳೆಲ್ಲ ಹೊಲದಲ್ಲಿಯೇ ಸುತ್ತುತ್ತಿರುವುದು.

ಭಯವಾಗಲಿ ಚಿಂತೆಯಾಗಲಿ ಉಂಟಾದೊಡನೆ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಾಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುವುವು. ಎದೆಬಡಿತವು ಹೆಚ್ಚುವುದು, ಉಸಿರಾಟವು ತ್ವರಿತವಾಗುವುದು. ಹಾವನ್ನು ಕಂಡು ಹಿಂದಕ್ಕೆ ಜಿಗಿಯಲು ಇದು ಉಪಯುಕ್ತವೇ ಸರಿ. ಆದರೆ ಈ ಸ್ಥಿತಿಯು ತಿಂಗಳುಗಟ್ಟಲೆ ಮುಂದುವರಿದರೆ ನಿದ್ರೆ ಕೆಡುವುದು, ಮುಂಗೋಪ ಹೆಚ್ಚುವುದು. ಉಸಿರನ್ನು ನಿಧಾನವಾಗಿ, ಅದರಲ್ಲಿಯೂ ಹೊರಕ್ಕೆ ಬಿಡುವಾಗ ದೀರ್ಘವಾಗಿ ನಡೆಸಿದರೆ, ವೇಗಸ್ ಎಂಬ ನರದ ಮೂಲಕ ಹೃದಯದ ಗತಿಯು ತಗ್ಗುವುದು. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ವಿದ್ಯಾಲಯದ ಹರ್ಬರ್ಟ್ ಬೆನ್ಸನ್ ಎಂಬ ವೈದ್ಯರು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧ್ಯಾನದಿಂದ ದೇಹದಲ್ಲುಂಟಾಗುವ ಈ ಶಾಂತಸ್ಥಿತಿಯನ್ನು ವಿವರಿಸಿರುವರು. ಯಾವ ಮತದವರಾದರೂ ಇದನ್ನು ಅಭ್ಯಾಸಮಾಡಬಹುದು.

ಬೆಳಗಿನ ಜಾವ, ದನಕರುಗಳ ಕೆಲಸಕ್ಕೆ ಮೊದಲು, ಹತ್ತು ನಿಮಿಷ ಸಾಕು. ಪದ್ಮಾಸನವೇ ಬೇಕೆಂಬ ನಿರ್ಬಂಧವಿಲ್ಲ. ಮೊಣಕಾಲು ನೋಯುವವರು ಜಗಲಿಯ ಮೇಲೆ ಕಾಲಿಳಿಬಿಟ್ಟು ಕುಳಿತರೂ ಆದೀತು. ಬೆನ್ನು ನೆಟ್ಟಗಿರಬೇಕು. ಕಣ್ಣು ಮುಚ್ಚಿ, ಹೊರಹೋಗುವ ಒಂದೊಂದು ಉಸಿರನ್ನೂ ಹತ್ತರವರೆಗೆ ಎಣಿಸಿ, ಪುನಃ ಒಂದರಿಂದ ಆರಂಭಿಸತಕ್ಕದ್ದು. ನಾಲ್ಕನ್ನು ಎಣಿಸುವಷ್ಟರಲ್ಲಿ ಮನಸ್ಸು ಅಡಕೆಯ ಧಾರಣೆಗೋ ನೆರೆಯವರೊಡನಿರುವ ಬದುವಿನ ವ್ಯಾಜ್ಯಕ್ಕೋ ಹಾರುವುದು. ಹಲವರು ಇಲ್ಲಿಯೇ, ಇದು ನಮ್ಮಿಂದಾಗದೆಂದು ಎದ್ದುಬಿಡುವರು. ಇದು ತಪ್ಪು ತಿಳಿವಳಿಕೆ. ಹೊಸ ಎತ್ತು ಸಾಲು ತಪ್ಪಿದರೆ ಹೊಡೆಯದೆ ಸಾಲಿಗೆ ತಿರುಗಿಸುವಂತೆ, ಮನಸ್ಸು ಹಾರಿದ್ದನ್ನರಿತು, ತನ್ನನ್ನು ಹಳಿದುಕೊಳ್ಳದೆ, ಮತ್ತೆ ಒಂದಕ್ಕೆ ಮರಳುವುದೇ ಅಭ್ಯಾಸವು. ವಾರಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ ದಿನವೂ ಹತ್ತು ನಿಮಿಷ ಕೂರುವುದು ಮೇಲು. ಕೆಲವರಿಗೆ ಕಣ್ಣು ಮುಚ್ಚಿದಾಗ ಗಾಬರಿ ಹೆಚ್ಚುವುದೂ ಉಂಟು. ಅಂಥವರು ಹೆಜ್ಜೆಗಳನ್ನು ಗಮನಿಸುತ್ತ ಬದುವಿನ ಮೇಲೆ ಮೆಲ್ಲನೆ ನಡೆಯಬಹುದು.

ಧ್ಯಾನದಿಂದ ಸಾಲ ತೀರದು, ಬತ್ತಿದ ಬಾವಿಗೆ ನೀರೂ ಬಾರದು. ಹಾಗೆ ಹೇಳುವವರನ್ನು ನಂಬಕೂಡದು. ಗ್ರಾಮದ ಮುಖಂಡರು ಇನ್ನೊಂದು ವಿಷಯವನ್ನು ಗಮನಿಸಬೇಕು. ಊರಿನಲ್ಲಿ ಯಾರಾದರೂ ಊಟ ನಿದ್ರೆಗಳನ್ನು ಬಿಟ್ಟು, ಜನರಿಂದ ದೂರವಾಗಿ, ಬದುಕು ಸಾಕೆಂದು ನುಡಿದರೆ, ಅವರಿಗೆ ಧ್ಯಾನವನ್ನು ಉಪದೇಶಿಸಿ ಸುಮ್ಮನಾಗಕೂಡದು. ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕಗಳನ್ನು ಬೇರೆಡೆ ಬೀಗದೊಳಗಿಡಿಸಿ, ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416 ಎಂಬ ಸಂಖ್ಯೆಯಲ್ಲಿ, ಹಗಲಿರುಳು ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.