ನನ್ನದು ‘ಒ’ ಅಲ್ಲವಂತೆ!

ಯಾವ ಅರ್ಜಿಯಲ್ಲಿ ‘ರಕ್ತದ ಗುಂಪು’ ಎಂಬ ಕಾಲಂ ಕಂಡರೂ ಕಣ್ಣು ಮುಚ್ಚಿಕೊಂಡು ‘ಒ ಪಾಸಿಟಿವ್’ ಎಂದು ಬರೆಯುತ್ತಿದ್ದೆ. ಹೈಸ್ಕೂಲಿನಲ್ಲಿ ಬೆರಳಿಗೆ ಸೂಜಿ ಚುಚ್ಚಿ ಹೇಳಿದ್ದು ಅದನ್ನೇ. ಯಾವ ಪಾಸಿಟಿವ್ ಗುಂಪಿನವರಿಗೆ ಬೇಕಾದರೂ ರಕ್ತ ಕೊಡಬಲ್ಲ ದಾನಶೂರ ನಾನು ಎಂದು ಗೆಳೆಯರ ಮುಂದೆ ಜಂಬ ಬೇರೆ!

ಕಳೆದ ವರ್ಷ ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಮೊದಲ ಬಾರಿ ರಕ್ತ ಕೊಟ್ಟೆ. ಎರಡು ದಿನ ಬಿಟ್ಟು ರಕ್ತನಿಧಿಯಿಂದ ಫೋನ್: ‘ಇನ್ನೊಮ್ಮೆ ಸ್ಯಾಂಪಲ್ ಬೇಕು, ಬನ್ನಿ’. ಯಾವ ಕಾಯಿಲೆಯೋ ಏನೋ ಎಂದು ನಡುಗುತ್ತಲೇ ಹೋದೆ. ‘ಕಾಯಿಲೆ ಏನೂ ಇಲ್ಲಪ್ಪ. ನಿನ್ನದು ಒ ಅಲ್ಲ, ಬಾಂಬೆ ಗುಂಪು’ ಎಂದರು ಡಾಕ್ಟರ್ ಮೇಡಂ. ಹುಬ್ಬಳ್ಳಿ ದಾಟದ ನನಗೆ ಬಾಂಬೆ ಎಲ್ಲಿಂದ ಬಂತು?

ಮೇಡಂ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆ ಅಣುಗಳ ಸರಪಳಿಗಳಿರುತ್ತವೆ. ಅವುಗಳ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದರೆ ಅದು ‘ಎಚ್’. ಎಚ್ ಮೇಲೆ ಒಂದು ಬಗೆಯ ಸಕ್ಕರೆ ಕೂತರೆ ಎ, ಇನ್ನೊಂದು ಬಗೆಯದು ಕೂತರೆ ಬಿ, ಎರಡೂ ಇದ್ದರೆ ಎಬಿ. ಏನೂ ಕೂರದೆ ಬರೀ ಎಚ್ ಉಳಿದರೆ ಒ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲೇ ಗುರುತಿಸಿದ ವ್ಯತ್ಯಾಸದ ಗುಟ್ಟು ಇಷ್ಟೇ.

ನನ್ನಲ್ಲಿ ಆ ಎಚ್ಚೇ ಇಲ್ಲ! ಎ, ಬಿ ಕಾಣದ್ದರಿಂದ ಮಾಮೂಲಿ ಪರೀಕ್ಷೆ ನನ್ನನ್ನು ‘ಒ’ ಎಂದಿತ್ತು. ಆದರೆ ನನ್ನ ರಕ್ತದಲ್ಲಿರುವ ಪ್ರತಿಕಾಯಗಳಿಗೆ ಎಚ್ ಪರಕೀಯ. ಒ ರಕ್ತ ಏರಿಸಿದರೂ ಆ ಕಣಗಳನ್ನು ಒಡೆದುಹಾಕುತ್ತವೆ, ಜೀವಕ್ಕೇ ಕುತ್ತು. 1952ರಲ್ಲಿ ಬಾಂಬೆಯಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಪತ್ತೆ ಹಚ್ಚಿದ್ದರಿಂದ ಈ ಹೆಸರು. ಭಾರತದಲ್ಲಿ ಸುಮಾರು 10 ಸಾವಿರಕ್ಕೆ ಒಬ್ಬರದು ಈ ಗುಂಪು.

‘ಇದು ಅಪ್ಪ–ಅಮ್ಮ ಇಬ್ಬರಿಂದಲೂ ಬರುವಂಥದ್ದು. ಒಡಹುಟ್ಟಿದವರು ಇದ್ದಾರಾ?’ ಮೇಡಂ ಕೇಳಿದರು. ಎದೆ ಧಸಕ್ಕೆಂದಿತು. ಅಕ್ಕ ಐದು ತಿಂಗಳ ಬಸುರಿ. ಅವಳ ತಾಯಿ ಕಾರ್ಡಿನಲ್ಲೂ ‘ಒ ಪಾಸಿಟಿವ್’ ಎಂದೇ ಇತ್ತು. ಪರೀಕ್ಷೆ ಮಾಡಿಸಿದರೆ ಅವಳದೂ ಬಾಂಬೆ!

ಮೂರು ತಿಂಗಳ ಅಂತರ ಮುಗಿದ ಮೇಲೆ, ಹೆರಿಗೆಗೆ ಎರಡು ವಾರ ಮುಂಚೆ ಮತ್ತೆ ರಕ್ತ ಕೊಟ್ಟೆ. ಅಕ್ಕನ ಹೆಸರಿನಲ್ಲಿ ಅದನ್ನು ಎತ್ತಿಟ್ಟರು. ದೇವರ ದಯೆ, ಹೆರಿಗೆ ಸುಸೂತ್ರವಾಯಿತು. ಆ ಚೀಲ ಮುಟ್ಟಬೇಕಾಗಲಿಲ್ಲ. ವಾರದೊಳಗೆ ಅದು ಬೇರೆ ಊರಿನ ಇದೇ ಗುಂಪಿನ ರೋಗಿಯೊಬ್ಬರಿಗೆ ಹೋಯಿತಂತೆ.

ಮೊನ್ನೆ ನೌಕರಿ ಅರ್ಜಿಯೊಂದರಲ್ಲಿ ಮತ್ತೆ ಅದೇ ಕಾಲಂ. ಈ ಸಲ ದುಂಡಗೆ ‘ಬಾಂಬೆ’ ಎಂದು ಬರೆದೆ. ಬೆರಳು ಚುಚ್ಚಿ ಹೇಳಿದ ಗುಂಪನ್ನೇ ನೀವೂ ನಂಬಿಕೊಂಡಿದ್ದರೆ, ಒಮ್ಮೆ ರಕ್ತದಾನ ಮಾಡಿ ನೋಡಿ.